ಹಿಮದಲ್ಲಿ ಹೂತ ಗಾಡಿಗೆ ಎಕ್ಸಲರೇಟರ್ ಕೊಡಬೇಡಿ

ಈ ವಾರದ ಮಾತನ್ನು ಕೂತು ನೋಡೋಕೆ ಪುರುಸೊತ್ತಿಲ್ಲದವರಿಗೆ, ಮೆಟ್ರೋದಲ್ಲಿ ನಿಂತು ಓದಿಕೊಳ್ಳೋರಿಗೆ ಎಂದಿನಂತೆ ಬರಹ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಲೆಕ್ಕ ಸೇರಿಸಿದ್ದೀನಿ. ನನ್ನ 'ಅಂದ್ರೆ, ಅಂದ್ರೆ'ಗಳನ್ನು ತೆಗೆದುಹಾಕಿದ್ದೀನಿ.

ದೆಹಲಿ ಕಡೆ ಕೆಲಸ ಮಾಡೋ ಕನ್ನಡಿಗರಿಗೆ ಜನವರಿ ಬಂತು ಅಂದ್ರೆ ಹಿಮದ ಹುಚ್ಚು. ನಾವೂ ಹೊರಟೆವು, ನಾನು, ನನ್ನ ಹೆಂಡತಿ, ಆಫೀಸಿನ ಇಬ್ಬರು ಗೆಳೆಯರು. ತಂಗ್‌ಮಾರ್ಗ್‌ನಲ್ಲಿ ಬಾಡಿಗೆ ಕೋಟು, ಬಾಡಿಗೆ ಗಂಬೂಟು ಹಾಕಿಕೊಂಡು ಗುಲ್ಮಾರ್ಗ್‌ಗೆ ಹತ್ತಿದೆವು. ಅಲ್ಲಿ ಸ್ನೋ ಸ್ಕೂಟರ್ ಸಿಗುತ್ತೆ. ಮುಂದೆ ಎರಡು ಸ್ಕೀ ಹಲಗೆ, ಹಿಂದೆ ಒಂದು ಅಗಲವಾದ ರಬ್ಬರ್ ಟ್ರ್ಯಾಕು. ಅದನ್ನು ಓಡಿಸೋ ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಸ್ವಲ್ಪ ದೂರ ಅವನೇ ಓಡಿಸಿದ. ಆಮೇಲೆ ನಾನು ಕಾಡಿ ಬೇಡಿ ಹ್ಯಾಂಡಲ್ ಇಸಕೊಂಡೆ. 'ಸರ್‌ಜೀ, ತುಳಿದ ದಾರಿ ಬಿಡಬೇಡಿ' ಅಂತ ಎರಡು ಸಲ ಹೇಳಿದ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟ ನನಗೆ ಎಡಗಡೆ ಯಾರೂ ಮುಟ್ಟದ ಬಿಳೀ ಹಿಮ ಕಂಡಿತು. ಫೋಟೋ ಚೆನ್ನಾಗಿ ಬರುತ್ತೆ ಅನ್ನಿಸ್ತು. ಅಷ್ಟೇ.

ಇಪ್ಪತ್ತು ಮೀಟರ್ ಹೋಗಿ ಫೋಟೋಗೆ ಅಂತ ನಿಲ್ಲಿಸಿದೆ. ಮತ್ತೆ ಹೊರಡೋಕೆ ಎಕ್ಸಲರೇಟರ್ ತಿರುವಿದೆ. ಗಾಡಿ ಮುಂದೆ ಹೋಗಲಿಲ್ಲ, ಹಿಂಭಾಗ ಕೆಳಗೆ ಇಳೀತು. ಇನ್ನಷ್ಟು ತಿರುವಿದೆ. ಇನ್ನಷ್ಟು ಇಳೀತು. ಮೂರನೇ ಸಲ ರಬ್ಬರ್ ಸುಟ್ಟ ವಾಸನೆ ಬಂತು. ತಳ್ಳೋಣ ಅಂತ ಕೆಳಗೆ ಇಳಿದರೆ ತೊಡೆಯವರೆಗೆ ಹೂತೆ. ಗಂಬೂಟಿನೊಳಗೆ ಹಿಮ ತುಂಬಿತು. ಮಧ್ಯಾಹ್ನ ಮೂರೂವರೆ, ಬಿಸಿಲು ಬೆಟ್ಟದ ಹಿಂದೆ ಸರೀತಾ ಇತ್ತು. ಹುಡುಗ ದೂರದಿಂದ ಕೈಬೀಸಿ ಒಂದೇ ಮಾತು ಕೂಗ್ತಾ ಬರ್ತಿದ್ದ: ಬಂದ್ ಮಾಡಿ, ಬಂದ್ ಮಾಡಿ.

ಇವತ್ತಿನ ವಿಷಯ ಇದೇ. ಟ್ರ್ಯಾಕ್ ಇರೋ ಗಾಡಿ ಹಿಮದಲ್ಲಿ ಯಾಕೆ ಮುಳುಗಲ್ಲ, ಯಾವಾಗ ಮುಳುಗುತ್ತೆ, ಮುಳುಗಿದ್ದನ್ನು ನಾವೇ ಹೇಗೆ ಕೆಡಿಸ್ತೀವಿ.

ಮೊದಲು ಲೆಕ್ಕ. ನಾನು 70 ಕಿಲೋ. ನಡೆಯುವಾಗ ಪೂರ್ತಿ ಭಾರ ಒಂದು ಕಾಲಿನ ಮೇಲೆ ಬೀಳುತ್ತೆ, ಬೂಟಿನ ಅಡಿ ಸುಮಾರು 250 ಚದರ ಸೆಂಟಿಮೀಟರ್. ಅಂದ್ರೆ ಒಂದು ಚದರ ಸೆಂಟಿಮೀಟರ್ ಮೇಲೆ 280 ಗ್ರಾಂ. ಸ್ಕೂಟರಿನ ತೂಕ 250 ಕಿಲೋ ಅಂತಿಟ್ಟುಕೊಳ್ಳಿ, ಇಬ್ಬರು ಕೂತರೆ ಒಟ್ಟು 400ರ ಹತ್ತಿರ. ಆದರೆ ನೆಲ ಮುಟ್ಟೋ ಟ್ರ್ಯಾಕು 40 ಸೆಂಟಿಮೀಟರ್ ಅಗಲ, 130 ಉದ್ದ ಇದ್ದರೆ 5200 ಚದರ ಸೆಂಟಿಮೀಟರ್ ಆಯ್ತು. ಒಂದು ಚದರ ಸೆಂಟಿಮೀಟರಿಗೆ 77 ಗ್ರಾಂ. ಸ್ಕೀಗಳೂ ಸ್ವಲ್ಪ ಭಾರ ಹೊರೋದರಿಂದ ಅದಕ್ಕಿಂತ ಕಡಿಮೆಯೇ. ಅದಕ್ಕೇ 400 ಕಿಲೋ ಗಾಡಿ ತೇಲಿದ ಜಾಗದಲ್ಲಿ 70 ಕಿಲೋ ಮನುಷ್ಯ ಇಳಿದರೆ ತೊಡೆಯವರೆಗೆ ಹೋಗ್ತಾನೆ.

ನಾನು ಗಂಗಾವತಿ ಕಡೆಯವನು, ಭತ್ತದ ಗದ್ದೆ ನೋಡಿ ಬೆಳೆದವನು. ನಾಟಿಗೆ ಮುಂಚೆ ಕೆಸರು ಮಾಡೋವಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕೋದು ಇದೇ ಕಾರಣಕ್ಕೆ. ಹಿಟಾಚಿ ಅಂತೀವಲ್ಲ, ಅದರ ಚೈನೂ ಇದೇ ಕೆಲಸ ಮಾಡೋದು. ಭಾರವನ್ನು ಹರಡೋದು.

ಹಾಗಿದ್ರೆ ನನ್ನ ಗಾಡಿ ಯಾಕೆ ಮುಳುಗಿತು? ಹಿಮ ಅಂದ್ರೆ ಬರೀ ನೀರಿನ ಗಟ್ಟಿ ರೂಪ ಅಲ್ಲ. ಅದರಲ್ಲಿ ಬಹುಪಾಲು ಗಾಳಿ. ಈಗ ತಾನೇ ಬಿದ್ದ ಹಿಮ ಒಂದು ಘನ ಮೀಟರಿಗೆ 100 ಕಿಲೋ ಕೂಡ ತೂಗದೇ ಇರಬಹುದು. ಅದೇ ಮಂಜುಗಡ್ಡೆ 917 ಕಿಲೋ ತೂಗುತ್ತೆ. ಬಿದ್ದ ಹಿಮದ ಹರಳುಗಳು ನಿಧಾನಕ್ಕೆ ಒಂದಕ್ಕೊಂದು ಅಂಟಿಕೊಳ್ತವೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲಿ ಉಪ್ಪು ಗಟ್ಟಿಯಾಗುತ್ತಲ್ಲ, ಸುಮಾರಾಗಿ ಹಾಗೆ. ಆ ಅಂಟೇ ಗಾಡಿಯನ್ನು ಹೊರೋದು, ಟ್ರ್ಯಾಕಿನ ಹಲ್ಲಿಗೆ ಹಿಡಿತ ಕೊಡೋದು. ಟ್ರ್ಯಾಕು ನಿಂತಲ್ಲೇ ಸುತ್ತಿದರೆ ಆ ಅಂಟು ಒಡೆದು ಹಿಮ ಸಕ್ಕರೆಯ ಹಾಗೆ ಪುಡಿಪುಡಿ ಆಗುತ್ತೆ. ಪುಡಿಯನ್ನು ಟ್ರ್ಯಾಕೇ ಹಿಂದಕ್ಕೆ ಎಸೆಯುತ್ತೆ, ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತೆ. ಕೊನೆಗೆ ಗಾಡಿಯ ಹೊಟ್ಟೆ ಹಿಮದ ಮೇಲೆ ಕೂತುಬಿಡುತ್ತೆ. ಹೊಟ್ಟೆ ಕೂತ ಮೇಲೆ ಟ್ರ್ಯಾಕಿನ ಮೇಲೆ ಭಾರವೇ ಇಲ್ಲ. ಭಾರ ಇಲ್ಲ ಅಂದ್ರೆ ಹಿಡಿತವೂ ಇಲ್ಲ. ಅಷ್ಟರಲ್ಲಿ ತಿಕ್ಕಾಟದ ಬಿಸಿಗೆ ಗುಂಡಿಯ ಗೋಡೆ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನ ಹಾಗೆ ನುಣ್ಣಗಾಗಿರುತ್ತೆ.

ಸುಟ್ಟ ವಾಸನೆ ಬಂದದ್ದು ಬೆಲ್ಟಿನದು. ನಿಮ್ಮ ಆಕ್ಟಿವಾದಲ್ಲಿ ಗೇರ್ ಬದಲು ಒಂದು ರಬ್ಬರ್ ಬೆಲ್ಟ್ ಇರುತ್ತಲ್ವಾ, ಸ್ನೋ ಸ್ಕೂಟರಿನಲ್ಲೂ ಅಂಥದೇ, ಇನ್ನೂ ದಪ್ಪದ್ದು. ಟ್ರ್ಯಾಕು ಸಿಕ್ಕಿಕೊಂಡಿರುವಾಗ ಎಂಜಿನ್ ಕೂಗಿಸಿದರೆ ಪುಲ್ಲಿ ತಿರುಗುತ್ತೆ, ಬೆಲ್ಟ್ ಜಾರಿ ಸುಡುತ್ತೆ. ಇಲ್ಲಿವರೆಗೆ ನನ್ನ ಗಾಡಿ ಸಿಕ್ಕಿಕೊಂಡಿತ್ತು ಅಷ್ಟೇ. ಕೆಟ್ಟಿರಲಿಲ್ಲ. ಕೆಡಿಸೋ ಕೆಲಸ ನಾನು ಶುರು ಮಾಡಿದ್ದೆ. ಸರ್ವರ್ ಬಿದ್ದಾಗ ಏನಾಯ್ತು ಅಂತ ನೋಡದೆ ಮೂರು ಸಲ ರೀಸ್ಟಾರ್ಟ್ ಮಾಡಿ, ಇದ್ದ ಲಾಗನ್ನೂ ಕಳಕೊಳ್ತೀವಲ್ಲ, ಆ ಕೈಚಾಳಿ.

ಹುಡುಗ ಬಂದ. ಬೈಯಲಿಲ್ಲ. ಎಂಜಿನ್ ಆರಿಸಿದ. ನನ್ನ ಹೆಂಡತಿಯನ್ನು ಗಾಡಿಯಿಂದ ಇಳಿಸಿ ತುಳಿದ ದಾರಿಯವರೆಗೆ ತನ್ನ ಹೆಜ್ಜೆ ಗುರುತಿನಲ್ಲೇ ನಡೆಸಿಕೊಂಡು ಹೋಗಿ ಬಿಟ್ಟು ಬಂದ. ಆಮೇಲೆ ಕೈಯಿಂದಲೇ ಗಾಡಿಯ ಹೊಟ್ಟೆ ಕೆಳಗಿನ ಹಿಮ ತೆಗೆದ, ಸ್ಕೀಗಳ ಮುಂದಿನದನ್ನೂ ಬಿಡಿಸಿದ. ಹ್ಯಾಂಡಲ್ ಹಿಡಿದು ಇಬ್ಬರೂ ಸೇರಿ ಗಾಡಿಯನ್ನು ಪಕ್ಕಕ್ಕೆ ಮಲಗಿಸಿದೆವು. ಆಗ ಟ್ರ್ಯಾಕಿನ ಕೆಳಗಿನ ಗುಂಡಿ ಪೂರ್ತಿ ಕಾಣಿಸ್ತು, ಮೊಣಕಾಲಿಗಿಂತ ಆಳ. ಅದಕ್ಕೆ ಹಿಮ ತುಂಬಿ ತುಳಿದ. ಮತ್ತೆ ತುಂಬಿ ಮತ್ತೆ ತುಳಿದ. ಮುಂದೆ ಆರೇಳು ಮೀಟರ್ ಉದ್ದಕ್ಕೆ ದಾರಿಯನ್ನೂ ತುಳಿದು ಸಮ ಮಾಡಿದ. ಇಷ್ಟಾದ ಮೇಲೆ ಏನು ಮಾಡಿದ ಗೊತ್ತಾ? ಸುಮ್ಮನೆ ಕೂತ. ಜೇಬಿನಿಂದ ಬಾದಾಮಿ ತೆಗೆದು ನನಗೂ ಕೊಟ್ಟ.

ನನಗೆ ತಡ ಆಗ್ತಿದೆ ಅನ್ನೋ ಗಾಬರಿ. ಹಿಮ ಸೆಟ್ ಆಗಬೇಕು ಅಂದ ಅವನು. ಆಗ ಅರ್ಥ ಆಗಲಿಲ್ಲ, ಆಮೇಲೆ ಓದಿದಾಗ ಆಯ್ತು. ತುಳಿದ ಹಿಮದಲ್ಲಿ ಒಡೆದ ಹರಳುಗಳು ಹತ್ತಿರ ಹತ್ತಿರ ಬಂದಿರ್ತವೆ, ಬಿಟ್ಟರೆ ಮತ್ತೆ ಅಂಟಿಕೊಳ್ತವೆ, ಹೊತ್ತು ಕಳೆದಷ್ಟೂ ಗಟ್ಟಿ. ಸ್ಕೀ ಇಳಿಜಾರುಗಳನ್ನು ಯಂತ್ರದಿಂದ ಸಮ ಮಾಡಿ ರಾತ್ರಿಯೆಲ್ಲ ಹಾಗೇ ಬಿಡೋದೂ ಇದಕ್ಕೇ. ಗಾರೆ ಹಾಕಿದ ನೆಲದ ಮೇಲೆ ತಕ್ಷಣ ನಡೀತೀವಾ?

ಕಾಲು ಗಂಟೆ ಬಿಟ್ಟು ಗಾಡಿ ನಿಲ್ಲಿಸಿ, ತಾನು ಪಕ್ಕದಲ್ಲಿ ನಿಂತು, ಎಂಜಿನ್ ಸದ್ದೇ ಏರದ ಹಾಗೆ ಸಣ್ಣಗೆ ಎಕ್ಸಲರೇಟರ್ ಕೊಟ್ಟ. ಗಾಡಿ ಎದ್ದು ಬಂತು. ನಡುವೆ ಎಲ್ಲೂ ನಿಲ್ಲಿಸದೆ ದಾರಿ ಸೇರೋವರೆಗೆ ಓಡಿಸಿಕೊಂಡು ಹೋದ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಜೀವಮಾನದಲ್ಲಿ ಹಿಮ ನೋಡಿದವರಲ್ಲ. ಕೇಳಿದ್ದು ಒಂದೇ: 'ಎಕ್ಸಲೇಟರ್ ಕೊಟ್ಟೆ ಹೌದಲ್ಲೋ ತಮ್ಮಾ?' ಕೊಟ್ಟೆ ಅಂದೆ. ನಕ್ಕರು. ನಮ್ಮ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತಾಗ ಡ್ರೈವರ್ ಹಿಂದಿನ ಗಾಲಿಗಳಿಗೆ ಅಡ್ಡ ಮರದ ದಿಮ್ಮಿ ಕಟ್ಟೋಕೆ ಹೋದದ್ದು, ಅಪ್ಪ ಓಡಿಹೋಗಿ ತಡೆದದ್ದು ನನಗೂ ನೆನಪಿದೆ. ಅಡ್ಡ ದಿಮ್ಮಿಯ ಉಪಾಯ ಸುಳ್ಳಲ್ಲ. ಮೊದಲ ಮಹಾಯುದ್ಧದಲ್ಲಿ 1917ರ ಬ್ರಿಟಿಷ್ ಟ್ಯಾಂಕುಗಳು ಹೀಗೇ ಒಂದು ದಪ್ಪ ತೊಲೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗ್ತಿದ್ದವು. ಕೆಸರಲ್ಲಿ ಸಿಕ್ಕಿಕೊಂಡರೆ ಟ್ರ್ಯಾಕಿಗೆ ಚೈನಿನಿಂದ ಕಟ್ಟೋದು, ಅದು ಕೆಳಗೆ ಹೋಗಿ ಹಿಡಿತ ಕೊಡೋದು. ಆದರೆ ಟ್ಯಾಂಕಿನ ಭಾರ ಉದ್ದಕ್ಕೂ ಹರಡಿರುತ್ತೆ. ಟ್ರ್ಯಾಕ್ಟರಿನಲ್ಲಿ ಹಿಂದಿನ ಗಾಲಿ ತಿರುಗದ ಹಾಗೆ ಸಿಕ್ಕಿಕೊಂಡರೆ ಮೂತಿ ಮೇಲೆದ್ದು ಗಾಡಿಯೇ ಹಿಂದಕ್ಕೆ ಮಗುಚುತ್ತೆ, ಓಡಿಸೋನ ಮೇಲೆ. ಊರಲ್ಲಿ ಯಾರಾದರೂ ಮಾಡ್ತಿದ್ರೆ ದಯವಿಟ್ಟು ತಡೀರಿ.

ಇನ್ನು ದೊಡ್ಡ ಟ್ರ್ಯಾಕ್ ಗಾಡಿಗಳು. ಇವು ತಿರುಗೋದು ಹೆಚ್ಚಾಗಿ ಒಂದು ಕಡೆ ಟ್ರ್ಯಾಕನ್ನು ನಿಧಾನ ಮಾಡಿ. ಆಳವಾದ ಹಿಮದಲ್ಲಿ ಗಕ್ಕನೆ ತಿರುಗಿಸಿದರೆ ಪಕ್ಕದಲ್ಲಿ ಹಿಮ ಒಟ್ಟುಗೂಡಿ ಟ್ರ್ಯಾಕನ್ನು ಒಳಕ್ಕೆ ನೂಕುತ್ತೆ, ಟ್ರ್ಯಾಕು ಗಾಲಿಯಿಂದ ಕಳಚಿ ಬೀಳುತ್ತೆ. ಸೈಕಲ್ ಚೈನ್ ಬಿದ್ದ ಹಾಗೆ. ಆದರೆ ಈ ಚೈನು ನೂರಾರು ಕಿಲೋ, ಚಳಿ ಮೈನಸ್ ಇಪ್ಪತ್ತು, ಕೈಗವಸು ಬಿಚ್ಚಿದರೆ ಬೆರಳು ಕಬ್ಬಿಣಕ್ಕೆ ಅಂಟುತ್ತೆ. ಹಲ್ಲಿನ ಚಕ್ರದ ಸಂದಿಯಲ್ಲಿ ಹಿಮ ತುಂಬಿ ಗಡ್ಡೆ ಕಟ್ಟಿದರೂ ಇದೇ ಗತಿ. ಒದ್ದೆ ಹಿಮದಲ್ಲಿ ಓಡಿಸಿ ರಾತ್ರಿ ಹಾಗೇ ನಿಲ್ಲಿಸಿದರೆ ಬೆಳಗ್ಗೆ ಟ್ರ್ಯಾಕು ನೆಲಕ್ಕೆ ಹೆಪ್ಪುಗಟ್ಟಿರುತ್ತೆ. ಅದಕ್ಕೇ ತಿಳಿದವರು ನಿಲ್ಲಿಸೋ ಮುಂಚೆ ಟ್ರ್ಯಾಕು ಕೆರೆದು, ಹಲಗೆ ಮೇಲೆ ಹತ್ತಿಸಿ ನಿಲ್ಲಿಸ್ತಾರೆ. ಚಳಿಗೆ ಬ್ಯಾಟರಿ ಶಕ್ತಿ ಅರ್ಧಕ್ಕೆ ಇಳಿಯುತ್ತೆ, ಆಯಿಲ್ ಜೇನುತುಪ್ಪ ಆಗುತ್ತೆ, ಡೀಸೆಲ್‌ನಲ್ಲಿರೋ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತೆ. ಲಡಾಖಿಗೆ ಅಂತಲೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯೋ ಚಳಿಗಾಲದ ಡೀಸೆಲ್ ತಂದದ್ದು ಈ ಕಾರಣಕ್ಕೆ.

ಇಷ್ಟೂ ಗೊತ್ತಿದ್ದರೂ ಸೋಲೋದು ಹೇಗೆ? ಇಲ್ಲಿ ನನಗೆ ತುಂಬ ಇಷ್ಟವಾದ, ಅಷ್ಟೇ ಬೇಜಾರು ತರಿಸೋ ಒಂದು ಕಥೆ ಇದೆ.

ದಕ್ಷಿಣ ಧ್ರುವಕ್ಕೆ ಹೋಗಿ ವಾಪಸ್ ಬರುವಾಗ ತೀರಿಕೊಂಡ ಕ್ಯಾಪ್ಟನ್ ಸ್ಕಾಟ್ ಹೆಸರು ಕೇಳಿರ್ತೀರಿ. ಅವನು 1910ರಲ್ಲಿ ಹೊರಡುವಾಗ ನಾಯಿ, ಕುದುರೆ ಜೊತೆ ಮೂರು ಮೋಟಾರ್ ಸ್ಲೆಡ್ಜ್ ಒಯ್ದಿದ್ದ. ಪೆಟ್ರೋಲ್ ಎಂಜಿನ್, ಕೆಳಗೆ ಟ್ರ್ಯಾಕು. ಬರ್ಮಿಂಗ್‌ಹ್ಯಾಮಿನ ವೂಲ್ಸ್ಲಿ ಕಂಪನಿ ಕಟ್ಟಿದ್ದು. ಆ ಕಾಲಕ್ಕೆ ಇದು ರಾಕೆಟ್ ಇದ್ದ ಹಾಗೆ. ಇದರ ಹಿಂದೆ ವರ್ಷಗಟ್ಟಲೆ ದುಡಿದವನು ರೆಜಿನಾಲ್ಡ್ ಸ್ಕೆಲ್ಟನ್, ನೌಕಾಪಡೆಯ ಎಂಜಿನಿಯರ್, ಸ್ಕಾಟ್‌ನ ಮೊದಲ ದಂಡಯಾತ್ರೆಗೂ ಹೋಗಿ ಬಂದವನು. ಗಾಡಿಯ ಒಂದೊಂದು ನಟ್ಟೂ ಅವನಿಗೆ ಗೊತ್ತು. ಸಹಜವಾಗಿ ಅವನೂ ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಅಂದ್ರೆ ಸ್ಕಾಟ್‌ನ ನಂತರದ ಎರಡನೇ ಅಧಿಕಾರಿ ಟೆಡ್ಡಿ ಎವನ್ಸ್ ಒಬ್ಬ ಲೆಫ್ಟಿನೆಂಟ್. ಸ್ಕೆಲ್ಟನ್ ರ‍್ಯಾಂಕಿನಲ್ಲಿ ಅವನಿಗಿಂತ ಮೇಲೆ. ನನಗಿಂತ ಮೇಲಿನವನು ನನ್ನ ಕೈಕೆಳಗೆ ಬೇಡ ಅಂತ ಎವನ್ಸ್ ತಕರಾರು ತೆಗೆದ. ಸ್ಕಾಟ್ ಒಪ್ಪಿದ. ಕಟ್ಟಿದವನು ಇಂಗ್ಲೆಂಡಿನಲ್ಲೇ ಉಳಿದ.

ಇದನ್ನು ಕೇಳಿದಾಗ ನಮ್ಮ ಆಫೀಸು ನೆನಪಾಗದೇ ಇರಲ್ಲ, ಬಿಡಿ.

1911ರ ಜನವರಿ 8ರಂದು ಹಡಗಿನಿಂದ ಇಳಿಸುವಾಗಲೇ ಒಂದು ಸ್ಲೆಡ್ಜ್ ಸಮುದ್ರದ ಮೇಲಿನ ಮಂಜು ಒಡೆದು ತಳ ಸೇರಿತು. ಉಳಿದ ಎರಡು ಅಕ್ಟೋಬರ್ 24ರಂದು ಸಾಮಾನು ಎಳೆದುಕೊಂಡು ದಕ್ಷಿಣಕ್ಕೆ ಹೊರಟವು. ಜೊತೆಗೆ ನಾಲ್ಕು ಜನ: ಎವನ್ಸ್, ಮೆಕ್ಯಾನಿಕ್ ಬರ್ನಾರ್ಡ್ ಡೇ, ಸ್ಟೋಕರ್ ಲ್ಯಾಷ್ಲಿ, ಮತ್ತು ಹೂಪರ್. ತಮಾಷೆ ನೋಡಿ, ಟ್ರ್ಯಾಕು ಸರಿಯಾಗೇ ಕೆಲಸ ಮಾಡಿತು. ಹಿಮದಲ್ಲಿ ಹೂಳಲಿಲ್ಲ. ಸ್ಕಾಟ್ ಕೂಡ ತನ್ನ ದಿನಚರಿಯಲ್ಲಿ ಇದನ್ನು ಒಪ್ಪಿಕೊಂಡಿದ್ದಾನೆ. ಕೈಕೊಟ್ಟದ್ದು ಎಂಜಿನ್. ಅದೂ ಚಳಿಗೆ ಅಲ್ಲ, ಬಿಸಿಗೆ. ಗಾಳಿಯಿಂದ ತಣ್ಣಗಾಗೋ ಎಂಜಿನ್, ಗಾಡಿ ಹೋಗೋದು ನಡಿಗೆಯ ವೇಗದಲ್ಲಿ, ಬೀಸೋ ಗಾಳಿ ಎಲ್ಲಿಂದ ಬರಬೇಕು? ಸ್ವಲ್ಪ ದೂರ ಹೋದರೆ ಸಿಲಿಂಡರ್ ಕಾದು ನಿಲ್ಲಿಸಬೇಕು. ಅದು ತಣ್ಣಗಾಗೋ ಹೊತ್ತಿಗೆ ಕಾರ್ಬ್ಯುರೇಟರ್ ವಿಪರೀತ ತಣ್ಣಗಾಗಿ ಸ್ಟಾರ್ಟ್ ಆಗಲ್ಲ. ಅದನ್ನು ಬೆಚ್ಚಗೆ ಮಾಡಿ ಮತ್ತೆ ಹೊರಡಬೇಕು. ಹೀಗೆ ಕಾದು ಆರಿ ಕಾದು ಆರಿ, ಕೊನೆಗೆ ಕನೆಕ್ಟಿಂಗ್ ರಾಡಿನ ದೊಡ್ಡ ಬೇರಿಂಗ್ ಒಡೆದು ಒಂದು ಗಾಡಿ ನಿಂತಿತು. ನವೆಂಬರ್ 1ರಂದು ಎರಡನೆಯದೂ ನಿಂತಿತು. ಒಟ್ಟು ಹೋಗಿದ್ದು ಸುಮಾರು 80 ಕಿಲೋಮೀಟರ್.

ಸ್ಕೆಲ್ಟನ್ ಇದ್ದಿದ್ದರೆ ಓಡುತ್ತಿತ್ತಾ? ಹಾಗಂತ ಹೇಳೋಕೆ ಆಗಲ್ಲ. ವಿನ್ಯಾಸದಲ್ಲೇ ದೋಷ ಇತ್ತು. ಆದರೆ ಮುಂದೆ ಆಗಿದ್ದು ಕೇಳಿ. ಗಾಡಿ ಬಿಟ್ಟ ಆ ನಾಲ್ವರು ಹೆಗಲಿಗೆ ಪಟ್ಟಿ ಹಾಕಿಕೊಂಡು, ಮುನ್ನೂರು ಕಿಲೋಗೂ ಮೀರಿದ ಸಾಮಾನನ್ನು ತಾವೇ ಎಳೆದರು. ಕುದುರೆ ನಾಯಿಗಳ ಜೊತೆ ಬಂದವರಿಗಿಂತ ವಾರಗಟ್ಟಲೆ ಮುಂಚೆ ಇವರ ಮೈ ಸವೆಯೋಕೆ ಶುರುವಾಯ್ತು. ಎವನ್ಸ್ ಮತ್ತು ಲ್ಯಾಷ್ಲಿ ಹೀಗೇ ಎಳೀತಾ 1912ರ ಜನವರಿ 4ರವರೆಗೆ ಹೋಗಿ, ಟಾಮ್ ಕ್ರೀನ್ ಜೊತೆ ವಾಪಸ್ ತಿರುಗಿದರು. ದಾರಿಯಲ್ಲಿ ಎವನ್ಸ್‌ಗೆ ಸ್ಕರ್ವಿ ಹಿಡೀತು. ಸ್ಕರ್ವಿಗೆ ಕಾರಣ ವಿಟಮಿನ್ ಸಿ ಕೊರತೆ, ಮೋಟಾರ್ ಅಲ್ಲ. ಆದರೂ ಅಷ್ಟು ದಿನ ಎಳೆದ ದೇಹ ಅದು. ಕೊನೆಗೆ ನಿಲ್ಲೋಕೂ ಆಗದೆ ಸ್ಲೆಡ್ಜ್ ಮೇಲೆ ಮಲಗಿದ, ಉಳಿದಿಬ್ಬರು ಅವನನ್ನು ಎಳೆದರು. ಅವರ ಶಕ್ತಿಯೂ ಮುಗಿದಾಗ ಕ್ರೀನ್ ಒಬ್ಬನೇ ಸುಮಾರು 56 ಕಿಲೋಮೀಟರ್ ನಡೆದು ಹೋಗಿ ಸಹಾಯ ತಂದ. ಎವನ್ಸ್ ಬದುಕಿದ, ಮುಂದೆ ಅಡ್ಮಿರಲ್ ಆದ. ಆ ಎಂಜಿನಿಯರ್ ಬೇಡ ಅಂದವನೇ ಆ ಎಂಜಿನ್ನಿನ ಬದಲು ಎಳೆಯಬೇಕಾಗಿ ಬಂದು ಸಾವಿನ ಬಾಗಿಲು ತಟ್ಟಿ ಬಂದ.

ನಲವತ್ತೇಳು ವರ್ಷ ಬಿಟ್ಟು ಅದೇ ಖಂಡಕ್ಕೆ ವಿವಿಯನ್ ಫುಕ್ಸ್ ಹೋದ. 1957ರ ನವೆಂಬರ್ 24ಕ್ಕೆ ಹೊರಟು, ಧ್ರುವ ಮುಟ್ಟಿ, 1958ರ ಮಾರ್ಚ್ 2ಕ್ಕೆ ಆಚೆ ದಡ ಸೇರಿದ. 99 ದಿನ, ಸುಮಾರು 3,470 ಕಿಲೋಮೀಟರ್. ಕಿತ್ತಳೆ ಬಣ್ಣದ ನಾಲ್ಕು ಸ್ನೋ-ಕ್ಯಾಟ್, ಜೊತೆಗೆ ವೀಸಲ್, ಮಸ್ಕೆಗ್ ಅನ್ನೋ ಚಿಕ್ಕ ಟ್ರ್ಯಾಕ್ ಗಾಡಿಗಳು. ಚಿಕ್ಕವನ್ನೆಲ್ಲ ದಾರಿಯಲ್ಲೇ ಒಂದೊಂದಾಗಿ ಬಿಟ್ಟರು. ನಾಲ್ಕು ಸ್ನೋ-ಕ್ಯಾಟ್ ಮಾತ್ರ ಕೊನೆ ಮುಟ್ಟಿದವು. ಈ ಸಲ ಡೇವಿಡ್ ಪ್ರ್ಯಾಟ್, ರಾಯ್ ಹೋಮರ್ಡ್ ಅಂತ ಇಬ್ಬರು ಎಂಜಿನಿಯರ್‌ಗಳು ಉದ್ದಕ್ಕೂ ಜೊತೆಗಿದ್ದರು.

ಅವರ ಕಾಟ ಹೂಳೋದಲ್ಲ, ಬಿರುಕು. ಹಿಮನದಿಯಲ್ಲಿ ಆಳವಾದ ಸೀಳುಗಳಿರ್ತವೆ, ಮೇಲೆ ಹಿಮದ ಮುಚ್ಚಳ, ನೋಡಿದರೆ ಬಯಲು. ಇಲ್ಲಿ ನಾನು ಮೊದಲು ಹೇಳಿದ ಲೆಕ್ಕ ಕೆಲಸಕ್ಕೆ ಬರಲ್ಲ. ಮೆತ್ತಗಿನ ಹಿಮದಲ್ಲಿ ಮುಳುಗೋದು ಒತ್ತಡಕ್ಕೆ, ಒಂದು ಚದರ ಸೆಂಟಿಮೀಟರಿಗೆ ಎಷ್ಟು ಅನ್ನೋದಕ್ಕೆ. ಮುಚ್ಚಳ ಕುಸಿಯೋದು ಒಟ್ಟು ಭಾರಕ್ಕೆ. ಮುಂದೆ ಕೋಲಿನಿಂದ ಚುಚ್ಚಿ ಪರೀಕ್ಷೆ ಮಾಡ್ತಾ ನಡೆದ ಮನುಷ್ಯ ದಾಟಿದ ಜಾಗದಲ್ಲೇ ಟನ್‌ಗಟ್ಟಲೆ ಗಾಡಿ ಬೀಳಬಹುದು. ಫುಕ್ಸ್‌ನ ಸ್ವಂತ ಗಾಡಿ 'ರಾಕ್ ಎನ್ ರೋಲ್' ಒಂದು ಬಿರುಕಿನ ಮೇಲೆ ಸೇತುವೆಯ ಹಾಗೆ ಅಡ್ಡ ಸಿಕ್ಕಿಕೊಂಡು ನಿಂತ ಫೋಟೋ ಪ್ರಸಿದ್ಧ. ಟ್ರ್ಯಾಕುಗಳು ಪಾತಾಳದ ಕಡೆ ನೇತಾಡ್ತಿವೆ. ಅದರ ಎಂಜಿನ್ನನ್ನು ಯಾರೂ ಕೂಗಿಸಲಿಲ್ಲ. ಅಲ್ಯೂಮಿನಿಯಂ ಸೇತುವೆ ತುಂಡುಗಳನ್ನು ಇಳಿಸಿ ಟ್ರ್ಯಾಕಿಗೆ ಆಧಾರ ಕೊಟ್ಟು, ಉಳಿದ ಗಾಡಿಗಳಿಂದ ಎಳೆದು ಹೊರತಂದರು. ಎದುರು ದಿಕ್ಕಿನಿಂದ ಬಂದ ಎಡ್ಮಂಡ್ ಹಿಲರಿ, ಹೌದು, ನಮ್ಮ ತೇನ್‌ಸಿಂಗ್ ಜೊತೆ ಎವರೆಸ್ಟ್ ಏರಿದವರೇ, ಮೂರು ಫರ್ಗುಸನ್ ಟ್ರ್ಯಾಕ್ಟರುಗಳಲ್ಲಿ 1958ರ ಜನವರಿ 4ಕ್ಕೆ ಧ್ರುವ ತಲುಪಿದ್ದರು. ಹೊಲ ಉಳೋ ಟ್ರ್ಯಾಕ್ಟರಿನ ಗಾಲಿಗೇ ಟ್ರ್ಯಾಕು ಸುತ್ತಿದ್ದು. ಒಂದು ಬಿದ್ದರೆ ಇನ್ನೊಂದು ಹಿಡಿಯಲಿ ಅಂತ ಮೂರನ್ನೂ ಹಗ್ಗದಲ್ಲಿ ಜೋಡಿಸಿದ್ದರು.

ಈಗಲೂ ನಮ್ಮ ಮೈತ್ರಿ ಕೇಂದ್ರಕ್ಕೆ ಮಂಜಿನ ಅಂಚಿನಿಂದ ಸುಮಾರು ನೂರು ಕಿಲೋಮೀಟರ್ ಸಾಮಾನು ಸಾಗಿಸೋದು ಪಿಸ್ಟನ್‌ಬುಲ್ಲಿ ಅನ್ನೋ ಟ್ರ್ಯಾಕ್ ಗಾಡಿಗಳು. ಒಂಟಿಯಾಗಿ ಅಲ್ಲ, ಸಾಲಾಗಿ.

ಈ ಚಳಿಗಾಲಕ್ಕೆ ಹೊರಟವರಿಗೆ ಒಂದೆರಡು ಮಾತು. ಸ್ನೋ ಸ್ಕೂಟರನ್ನು ಹೊಸ ಹಿಮದಲ್ಲಿ, ಏರಿನಲ್ಲಿ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಹೊರಡೋದು ಸುಲಭ. ದುಪಟ್ಟಾ, ಮಫ್ಲರ್ ಕೋಟಿನೊಳಗೆ ಇರಲಿ, ಟ್ರ್ಯಾಕು ಎಳೆದುಕೊಂಡರೆ ಬಿಡಲ್ಲ. ಕಾರಿನಲ್ಲಿ ಮನಾಲಿ ಕಡೆ ಹೋಗೋರು ಇನ್ನೊಂದು ನೆನಪಿಡಿ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ‍್ರೀಯಲ್ಲಿ ಹಿಮಪಾತಕ್ಕೆ ಸಿಕ್ಕ ವಾಹನಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ಚಳಿಯ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಕೂಡ ಕಾರಣ ಅಂತ ವರದಿಯಾಯ್ತು. ಗಾಡಿ ಹೂತಾಗ ಹೀಟರಿಗೆ ಅಂತ ಎಂಜಿನ್ ಓಡಿಸ್ತಾ ಕೂತರೆ, ಹಿಮ ಸೈಲೆನ್ಸರ್ ಬಾಯಿ ಮುಚ್ಚಿ, ಹೊಗೆ ಒಳಗೆ ಬರುತ್ತೆ. ವಾಸನೆ ಇರಲ್ಲ, ನಿದ್ದೆ ಬರುತ್ತೆ ಅಷ್ಟೇ. ಮೊದಲು ಇಳಿದು ಸೈಲೆನ್ಸರ್ ಸುತ್ತ ಹಿಮ ತೆಗೀರಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಮಾತ್ರ ಓಡಿಸಿ, ಕಿಟಕಿ ಬೆರಳಗಲ ಬಿಟ್ಟಿರಿ.

ಗುಲ್ಮಾರ್ಗಿನಲ್ಲಿ ವಾಪಸ್ ಬರುವಾಗ ಹುಡುಗ ಹೆಂಡತಿಯನ್ನು ಮೊದಲು ಬಿಟ್ಟು ಬಂದು ನನ್ನನ್ನು ಹಿಂದೆ ಕೂರಿಸಿಕೊಂಡು ಓಡಿಸಿದ. ಸ್ಟ್ಯಾಂಡಿನಲ್ಲಿ ಬಾನೆಟ್ ತೆಗೆದು ಬೆಲ್ಟ್ ಮುಟ್ಟಿ ನೋಡಿದ. ಒಂದು ಕಡೆ ಸುಟ್ಟು ಹೊಳೀತಿತ್ತು. ಎಷ್ಟಾಗುತ್ತೆ ಅಂದೆ. ಈ ವಾರ ಓಡುತ್ತೆ, ಆಮೇಲೆ ನೋಡೋಣ ಅಂದು, ಐನೂರು ರೂಪಾಯಿ ಮಾತ್ರ ತಗೊಂಡ.